ನೆಂಟರಿಗೆ ತೋರಿಸದ ಗೋಡೆ

ಹೋದ ತಿಂಗಳು ತೀರಿಕೊಂಡ ವಕೀಲಕ್ಕ, ನಿವೃತ್ತಿಯಾದ ಮೇಲೂ ಪ್ರತಿ ಶನಿವಾರ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಕೂತು ಬಡ ಬಾಡಿಗೆದಾರರ ಕಷ್ಟ ಕೇಳುತ್ತಿದ್ದಳು. ಬಿಡಿಗಾಸು ಮುಟ್ಟದೆ ಅವರ ಪರ ವಾದಿಸುತ್ತಿದ್ದಳು. ಯಾಕೆಂದು ಕೇಳಿದರೆ, "ಮನೇಲಿದ್ರೆ ಅತ್ತಿಗೆ ಜೊತೆ ವಾದ ಮಾಡ್ಬೇಕು. ಅಲ್ಲಿ ಒಂದು ಕೇಸೂ ಗೆದ್ದಿಲ್ಲ" ಎನ್ನುತ್ತಿದ್ದಳು.

ಟೈಲರಮ್ಮ ಅವಳ ಹತ್ತಿರ ಬಂದದ್ದು ಒಂದು ಗೋಡೆಯ ದೆಸೆಯಿಂದ. ನೆಲಮಹಡಿಯ ಒಂದೇ ಕೋಣೆ. ಹೊಲಿಗೆ ಮೆಷಿನ್ನು, ಮಂಚ, ಒಲೆ ಎಲ್ಲ ಅದರೊಳಗೇ. ಹಿಂದಿನ ಪೈಪು ಒಡೆದು ಗೋಡೆ ತೊಯ್ದು, ಕಪ್ಪು ಬೂಷ್ಟು ಹಿಡಿದಿತ್ತು. ಮಗಳ ಕೆಮ್ಮು ನಿಲ್ಲುತ್ತಿರಲಿಲ್ಲ. ರಿಪೇರಿ ಕೇಳಿದ್ದೇ ತಡ, ಮಾಲೀಕ ತಾನೇ ಬಾಡಿಗೆ ಕಚೇರಿಗೆ ಹೋಗಿ, "ಗೋಡೆ ಗಟ್ಟಿಮುಟ್ಟಾಗಿದೆ, ಇವಳದ್ದು ಸುಳ್ಳು ದೂರು, ಖಾಲಿ ಮಾಡಿಸಿ" ಎಂದಿದ್ದ. ಅಧಿಕಾರಿ ಖುದ್ದಾಗಿ ಬಂದು ನೋಡುವುದೆಂದಾಯಿತು. ಗೋಡೆ ಕೆಟ್ಟಿದ್ದರೆ ಟೈಲರಮ್ಮ ಉಳಿಯುತ್ತಾಳೆ. ಇಲ್ಲದಿದ್ದರೆ ಮಗಳನ್ನೂ ಮೆಷಿನ್ನನ್ನೂ ಕಟ್ಟಿಕೊಂಡು ಬೀದಿಗೆ.

ಆ ದಿನ ಅಧಿಕಾರಿಗಿಂತ ಮೊದಲೇ ಹೋದ ವಕೀಲಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಗೋಡೆ ಹಾಲಿನಂತೆ ಬೆಳ್ಳಗಿತ್ತು.

"ಏನೇ ಇದು?"

"ಸುಣ್ಣ ಅಕ್ಕ. ಮೊನ್ನೆ ನಾನೂ ಮಗಳೂ ಸೇರಿ ಬಳಿದ್ವಿ." ಟೈಲರಮ್ಮನ ಮುಖದಲ್ಲಿ ಹೆಮ್ಮೆ. "ದೊಡ್ಡವರು ಬರ್ತಾರೆ, ಆ ಗಲೀಜು ಹೇಗೆ ತೋರಿಸೋದು? ಮರ್ಯಾದೆ ಬೇಡ್ವಾ?"

"ಅಯ್ಯೋ ಪುಣ್ಯಾತ್ಗಿತ್ತಿ, ಆ ಗಲೀಜೇ ಕಣೇ ನಮ್ಮ ಸಾಕ್ಷಿ!"

ಬೈಯಲು ತೆರೆದ ಬಾಯನ್ನು ವಕೀಲಕ್ಕ ಮುಚ್ಚಿಕೊಂಡಳು. ಯಾರಾದರೂ ಬರುತ್ತಾರೆಂದರೆ ಅವಳ ಅಮ್ಮನೂ ಹರಿದ ಚಾಪೆಯ ಮೇಲೆ ಹೊದಿಕೆ ಹಾಸುತ್ತಿದ್ದಳು. ವಕೀಲಕ್ಕ ಗೋಡೆಗೆ ಅಂಗೈ ಒತ್ತಿ ನೋಡಿದಳು. ಆಮೇಲೆ ಸ್ಟೂಲನ್ನು ಗೋಡೆಯ ಬುಡಕ್ಕೆ ಎಳೆದು, "ಟೀಗೆ ನೀರಿಡು. ಚೆನ್ನಾಗಿ ಕುದೀಲಿ" ಎಂದಳು.

ಅಧಿಕಾರಿಯ ಹಿಂದೆಯೇ ಮಾಲೀಕನೂ ಬಂದ. "ನೋಡಿ ಸಾರ್, ಕನ್ನಡಿ ಇದ್ದಂಗಿದೆ!"

"ಇನ್ನೇನಮ್ಮ ನೋಡೋದು?" ಎಂದರು ಅಧಿಕಾರಿ.

"ನೋಡೋದು ಬೇಡ ಸಾರ್, ಕೂತ್ಕೊಳ್ಳಿ. ಗೋಡೆಗೆ ಬೆನ್ನು ಕೊಟ್ಟು, ಆರಾಮಾಗಿ. ಆ ಮಗು ಮಲಗೋದೂ ಹಾಗೇ, ಅದಕ್ಕೇ ಅಂಟಿಕೊಂಡು" ಎಂದಳು ವಕೀಲಕ್ಕ, ಸ್ಟೂಲು ತೋರಿಸಿ.

ಟೀ ಸುಡುತ್ತಿತ್ತು. ಊದಿ ಊದಿ ಕುಡಿದು ಎದ್ದಾಗ ಅಧಿಕಾರಿಯ ಕರಿ ಕೋಟಿನ ಬೆನ್ನು ಪೂರಾ ಬೆಳ್ಳಗಾಗಿ, ತೊಯ್ದು ತೊಪ್ಪೆಯಾಗಿತ್ತು. ಅವರು ತಿರುಗಿ ಗೋಡೆಗೆ ಬೆರಳಿಟ್ಟರು. ಬೆರಳು ಒಳಗೇ ಹೋಯಿತು. ಗಾರೆ ಹಿಟ್ಟಿನಂತೆ ಕಳಚಿ ಬಿತ್ತು, ಹಿಂದೆ ಕಪ್ಪು. ಮಾಲೀಕ ಚಾವಣಿ ನೋಡತೊಡಗಿದ.

"ಕೋಟು ಕೊಡಿ ಸಾರ್, ಒಗೆದು ಒಣಗಿಸಿ ಕೊಡ್ತೀನಿ" ಎಂದಳು ಟೈಲರಮ್ಮ, ಹೆದರಿಕೊಂಡೇ.

"ಈ ಮನೇಲಿ ಒಣಗುತ್ತೇನಮ್ಮ?" ಎಂದು ಅವರು ಮಾಲೀಕನತ್ತ ತಿರುಗಿದರು. "ಮೊದಲು ಪೈಪು, ಆಮೇಲೆ ಗೋಡೆ. ಇವರು ಇಲ್ಲೇ ಇರ್ತಾರೆ."

ಇದ್ದಾಳೆ, ಈಗಲೂ. ವಕೀಲಕ್ಕ ಹೋದ ಸುದ್ದಿ ಕೇಳಿ ಮೊದಲು ಓಡಿ ಬಂದವಳು ಅವಳೇ. ವಕೀಲಕ್ಕನ ಕೋಣೆಯಲ್ಲಿ ಅತ್ತಿಗೆ ಅಳುತ್ತಲೇ, ಮಂಚದ ತುಂಬ ಹರಡಿದ್ದ ಪುಸ್ತಕ, ಕನ್ನಡಕ, ಅರ್ಧ ಕುಡಿದ ಲೋಟ ಎಲ್ಲವನ್ನೂ ಗಡಿಬಿಡಿಯಿಂದ ಎತ್ತಿಡುತ್ತಿದ್ದರು. "ಜನ ಬರ್ತಾರಲ್ಲ, ಹೀಗಿದ್ರೆ ಏನಂದ್ಕೋತಾರೆ?"

ಟೈಲರಮ್ಮ ಅವರ ಕೈ ಹಿಡಿದುಕೊಂಡಳು.

"ಬಿಡಿ ಅತ್ತಿಗೆ, ಹೇಗಿದೆಯೋ ಹಾಗೇ ಇರ್ಲಿ. ನೋಡ್ಲಿ."