ಅರಿಶಿನ ಕಂಪನಿಯ ನಿರ್ದೇಶಕಿ

ತಾಳವಾಡಿಯ ನಮ್ಮ ರೈತ ಕಂಪನಿಗೆ ನಾನು ಕಾರ್ಯದರ್ಶಿಯಾಗಿದ್ದಾಗ ಆಡಳಿತ ಮಂಡಳಿಯಲ್ಲಿ ದೊಡ್ಡಗಾಜನೂರಿನ ಒಬ್ಬ ನಿರ್ದೇಶಕಿ ಇದ್ದರು. ಸಭೆಯಲ್ಲಿ ನಾನು ಓದಿ ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿ, ಕೊನೆಗೆ ಒಂದೇ ಮಾತು ಆಡುತ್ತಿದ್ದರು: “ಅವ್ರು ಬ್ಯಾಡ ಅಂದ್ರೆ?”

ಒಂದು ವರ್ಷ ಅಮೆರಿಕದ ವ್ಯಾಪಾರಿಯೊಬ್ಬ ನಮ್ಮ ಅರಿಶಿನವನ್ನೆಲ್ಲ ಒಳ್ಳೆಯ ದರಕ್ಕೆ ಕೇಳಿದ. ಎಲ್ಲರೂ ಹಿಗ್ಗಿದರು. ಈಕೆ ಮಾತ್ರ ಅದೇ ಪ್ರಶ್ನೆ ಕೇಳಿದರು.

“ಯಾಕಮ್ಮಾ ಇಂಗಂತೀರಿ?” ಎಂದರು ಅಧ್ಯಕ್ಷರು.

“ಅವ್ರ ಸರ್ಕಾರ ನಾಳೆ ಏನ್ ಮಾಡ್ತದೋ ನಮ್ಗೆ ಗೊತ್ತಾ? ಅರ್ಧ ಅಲ್ಲಿಗ್ ಕಳ್ಸಿ, ಅರ್ಧ ಈರೋಡ್ ಮಂಡಿಗೆ ಓಗ್ಲಿ.”

ಬಹಳ ವಾದವಾಗಿ ಸಭೆ ಅದಕ್ಕೆ ಒಪ್ಪಿತು. ಆದರೆ ಯಾರ ಅರಿಶಿನ ಮಂಡಿಗೆ ಹೋಗಬೇಕು, ಯಾರದು ಅಮೆರಿಕಕ್ಕೆ ಎಂಬಲ್ಲಿ ಮಾತು ನಿಂತಿತು.

“ತುಂಡು ಒಲ ಇರೋರ್ದು ಮಂಡಿಗೆ ಓಗ್ಲಿ. ಅವ್ರು ಕಾಯಕ್ಕಾಗಲ್ಲ. ನಂದು ಅಮೆರಿಕಕ್ಕೆ ಬರ್ಕೊಳಿ,” ಎಂದರು ಆಕೆ.

ಸರಕು ಹೊರಡುವ ಮೊದಲೇ ಅಲ್ಲಿ ಸುಂಕ ಏರಿತು. ವ್ಯಾಪಾರಿ ಹಿಂದೆ ಸರಿದ. ಸಣ್ಣ ರೈತರ ಕೈಗೆ ಅಷ್ಟರಲ್ಲಿ ಮಂಡಿಯ ಹಣ ಬಂದಿತ್ತು.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಆಕೆಯನ್ನು ಹೊಗಳಲು ಎದ್ದು ನಿಂತರು.

“ಕುಂತ್ಕೊಳಪ್ಪ,” ಎಂದರು ಆಕೆ. “ನನ್ ಮೂಟೆ ಇನ್ನೂ ಗೋಡೌನಲ್ಲೇ ಅವೆ. ಅವ್ಕೊಂದು ದಾರಿ ನೋಡವ.”