ವ್ಯಾನಿಗೆ ಪಂಜು ಇಟ್ಟ ಕತೆ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮತ್ತೆ ಇಲ್ಲದ ಬೆಂಕಿಯನ್ನು ಆರಿಸಿದರು.

ಒಳಗೇ ಮಲಗುವಂತೆ ಮಾಡಿಸುತ್ತಿರುವ ನಮ್ಮ ಹಳೇ ವ್ಯಾನು ಕೋಯಂಬೇಡಿನ ಶೆಡ್ಡಿನಲ್ಲಿದೆ. ಕಳೆದ ಸಲ ಊಟಿಯ ಚಳಿಯಲ್ಲಿ ನಮ್ಮ ಉಸಿರೇ ತಗಡಿನ ಚಾವಣಿಯಲ್ಲಿ ನೀರಾಗಿ ಹಣೆಯ ಮೇಲೆ ತೊಟ್ಟಿಕ್ಕಿತ್ತು. ಅದಕ್ಕೇ ಒಳಗೆಲ್ಲ ಫೋಮ್ ಅಂಟಿಸಲು ಮೆಕ್ಯಾನಿಕ್ ಸೆಲ್ವಂಗೆ ಹೇಳಿದ್ದೆ. ಮೊನ್ನೆಯಷ್ಟೇ ಕುಂದಾಪುರದಿಂದ ಬಂದ ಅತ್ತೆಯೂ ನೋಡಲು ಬಂದರು.

ಸೆಲ್ವಂ ಅಂಟಿನ ಡಬ್ಬ ತೆರೆದು, "ಅಮ್ಮಾ, ಉಳ್ಳೆ ಫುಲ್ಲಾ ಪಂಜು ವೆಚ್ಚಿಡಲಾಮಾ?" ಎಂದು ತಮಿಳಿನಲ್ಲಿ ಕೇಳಿದ.

"ವೆಚ್ಚಿಡು" ಎಂದೆ.

ಅತ್ತೆ ಹೌಹಾರಿದರು. "ಎಂತ! ಮಲಗೂ ಗಾಡಿಗೆ ಪಂಜು ಇಡುದಾ? ನೀನೂ ಹೂಂ ಅಂಬುದಾ?"

ತಮಿಳರ ಪಂಜು ಎಂದರೆ ಹತ್ತಿ, ಸ್ಪಂಜು ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಮೂಲೆಯಲ್ಲಿದ್ದ ಬಕೆಟ್ಟಿನ ನೀರೆಲ್ಲ ವ್ಯಾನಿನೊಳಗಿತ್ತು. ತೊಯ್ದು ತೊಪ್ಪೆಯಾದ ಸೆಲ್ವಂ ಫೋಮ್ ಎತ್ತಿ ತೋರಿಸಿ, ಬೆಂಕಿಯಲ್ಲ ಅಜ್ಜಿ ಎಂದು ಅವನ ಭಾಷೆಯಲ್ಲೇ ಕೂಗಿದ. "ನೆರುಪ್ಪು ಇಲ್ಲೆ ಪಾಟಿ, ಪಂಜು! ಪಂಜು!"

"ನಾ ಹೇಳುದೂ ಅದನ್ನೇ!" ಎಂದರು ಅತ್ತೆ.

ವಿಷಯ ತಿಳಿದ ಮೇಲೆ ಎಲ್ಲರಿಗಿಂತ ಹೆಚ್ಚು ನಕ್ಕವರೂ ಅವರೇ. ಫೋಮ್ ಈಗ ಬಿಸಿಲಿನಲ್ಲಿ ಒಣಗುತ್ತಿದೆ. ಚಾವಣಿಯಿಂದ ಬೀಳುವ ನೀರಿಗೇನೋ ಅದನ್ನು ಅಂಟಿಸಬಹುದು. ಬಾಗಿಲಿನಿಂದ ಬರುವ ನೀರಿಗೆ ಏನು ಅಂಟಿಸಲಿ, ನೀವೇ ಹೇಳಿ.