ಲೆವೆಲ್ ಪೈಪು ಮತ್ತು ಸ್ಟೆಮ್ ಸೀಟು

ಗೆಳೆಯರೇ, ಸ್ಟೆಮ್ ಎಂದರೆ ಏನೆಂದು ಯಾರಾದರೂ ಹೇಳಿಬಿಡಿ, ನನ್ನ ತಲೆ ಕೆಟ್ಟಿದೆ.

ಗಾರೆ ಕೆಲಸದ ಶರಣಮ್ಮನ ಮಗಳನ್ನು ಸ್ಟೆಮ್ ತರಗತಿಗೆ ಸೇರಿಸಲು ಇವತ್ತು ನಾನೂ ಅವಳೂ ಮುಂಬೈ ಹತ್ತಿರದ ಠಾಕುರ್ಲಿಯ ಶಾಲೆಯೊಂದಕ್ಕೆ ಹೋಗಿದ್ದೆವು. "ಸ್ಟೆಮ್ ಅಂದ್ರೆ ವಿಜ್ಞಾನ, ಗಣಿತ ಎಲ್ಲ ಕೈಯಾರೆ ಮಾಡಿ ಕಲಿಯುವುದು ಮಾರಾಯ್ರೆ," ಎಂದ ಅಲ್ಲಿನ ಉಡುಪಿ ಕಡೆಯ ಮೇಡಂ ನೀರು ತುಂಬಿದ ಪೈಪೊಂದನ್ನು ತೋರಿಸಿದರು.

"ಇದು ನಮ್ಮ ಲೆವೆಲ್ ಪೈಪ್ ಅಲ್ಲೇನ್ರಿ! ನೆಲಕ್ಕ ಫರ್ಶಿಕಲ್ಲು ಮಟ್ಟಸ ಹಾಕ್ಲಾಕ ದಿನಾ ಹಿಡಿತೀನಿ. ಒಳಗ ಗಾಳಿಗುಳ್ಳಿ ಕುಂತದ, ಲೆವೆಲ್ ತಪ್ಪು ತೋರಸ್ತದ," ಎಂದ ಶರಣಮ್ಮ ಪೈಪನ್ನು ಬೆರಳಿನಿಂದ ಬಡಿದು ಗುಳ್ಳೆ ಹೊರಡಿಸಿದಳು.

ಮೇಡಂ ಥ್ಯಾಂಕ್ಸ್ ಹೇಳಿದರು. ಆಮೇಲೆ ಅರ್ಜಿಯ ಮೇಲೆ "ಮನೆಯಲ್ಲಿ ಸ್ಟೆಮ್ ಹಿನ್ನೆಲೆ ಇಲ್ಲ" ಎಂದು ಬರೆದು ಸೀಟು ನಿರಾಕರಿಸಿದರು.

ಗೇಟಿನಲ್ಲಿ ಶರಣಮ್ಮ ಕೇಳಿದಳು: "ಅಕ್ಕಾ, ಮತ್ತ ನಾ ಈಗ ಮಾಡಿದ್ದು ಏನು?"

ಪೈಪಿನ ಗುಳ್ಳೆಯೇನೋ ಹೋಯಿತು, ಶಾಲೆಯದು ಹಾಗೇ ಕುಳಿತಿದೆ.